ಊರಿಗೆ ಉಪಕಾರಿಯಾದರೆ ಮನೆಗೆ ಮಾರಿಯೆ?



ಕೇಂದ್ರ ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಯ ಮೊದಲ ಪುಟಗಳ ತುಂಬ ಆದಾಯ ತೆರಿಗೆ, ಚಿನ್ನದ ಬೆಲೆ, ರೈಲು ಯೋಜನೆಗಳದೇ ಸುದ್ದಿ. ಅದೆಲ್ಲವನ್ನೂ ದಾಟಿ ಒಳಪುಟದ ಮೂಲೆಗೆ ಹೋದರೆ ಒಂದು ಪುಟ್ಟ ಪಟ್ಟಿ ಕಣ್ಣಿಗೆ ಬೀಳುತ್ತದೆ. ವಿದೇಶಗಳಿಗೆ ನಾವು ಕೊಡುವ ನೆರವಿನ ಪಟ್ಟಿ. 2025-26ನೇ ಸಾಲಿನದನ್ನೇ ಹೇಳುವುದಾದರೆ ಭೂತಾನಕ್ಕೆ 2,150 ಕೋಟಿ, ನೇಪಾಳಕ್ಕೆ 700 ಕೋಟಿ, ಮಾಲ್ಡೀವ್ಸ್‌ಗೆ 600 ಕೋಟಿ, ಮಾರಿಷಸ್‌ಗೆ 500 ಕೋಟಿ. ಹೀಗೆ ಎಲ್ಲ ದೇಶಗಳದೂ ಸೇರಿ 5,483 ಕೋಟಿ ರೂಪಾಯಿ.

ಆ ಮೂಲೆಯನ್ನು ಓದುವವರಿಲ್ಲ ಎಂದುಕೊಳ್ಳಬೇಡಿ. ನಾನು ಕಾಫಿಗೆ ಹೋಗುವ ಹೋಟೆಲಿನಲ್ಲಿ ಒಬ್ಬ ಹಿರಿಯರಿದ್ದಾರೆ. ಪತ್ರಿಕೆಯನ್ನು ಟೆಂಡರ್ ಜಾಹೀರಾತಿನವರೆಗೂ ಬಿಡದೆ ಓದುವವರು. ಆ ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು: "ನೋಡಿ ಸ್ವಾಮಿ, ನಮ್ಮೂರ ಶಾಲೆ ಸೋರ್ತಾ ಇದೆ. ಹೆಂಚು ಬದಲಾಯಿಸೋಕೆ ದುಡ್ಡಿಲ್ಲ ಅಂತ ಮೂರು ವರ್ಷದಿಂದ ಹೇಳ್ತಿದಾರೆ. ಇಲ್ಲಿ ನೋಡಿದ್ರೆ ಯಾವ್ಯಾವುದೋ ದೇಶಕ್ಕೆ ಕೋಟಿಗಟ್ಲೆ ಕೊಡ್ತಾರಂತೆ. ಮನೆಗೆ ಮಾರಿ ಊರಿಗೆ ಉಪಕಾರಿ ಅಂದ್ರೆ ಇದೇ ಅಲ್ವ?"

ಪಕ್ಕದ ಮೇಜಿನ ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಸೋರುವ ಶಾಲೆಯಲ್ಲಿ ಮೊಮ್ಮಗಳು ಕೂತಿರುವ ಮನುಷ್ಯನಿಗೆ ಈ ಪ್ರಶ್ನೆ ಕೇಳುವ ಹಕ್ಕು ಇದ್ದೇ ಇದೆ. ಅದನ್ನು ಸಣ್ಣತನ ಎಂದು ತಳ್ಳಿಹಾಕುವವರು ಸಾಮಾನ್ಯವಾಗಿ ಸೋರದ ಮನೆಯಲ್ಲಿ ಕೂತವರೇ ಆಗಿರುತ್ತಾರೆ. ಹಾಗಾಗಿ ಈ ಪ್ರಶ್ನೆಯನ್ನೇ ಹಿಡಿದುಕೊಂಡು ಇವತ್ತು ಸ್ವಲ್ಪ ಮಾತಾಡೋಣ ಅಂತ.

ಮೊದಲು ಲೆಕ್ಕ. 5,483 ಕೋಟಿ ಎಂದರೆ ಕಿವಿಗೆ ದೊಡ್ಡದು. ಆದರೆ ಆ ವರ್ಷದ ಕೇಂದ್ರ ಬಜೆಟ್‌ನ ಒಟ್ಟು ಗಾತ್ರ 50 ಲಕ್ಷ ಕೋಟಿ ದಾಟಿತ್ತು. ಸರ್ಕಾರ ಸಾವಿರ ರೂಪಾಯಿ ಖರ್ಚು ಮಾಡಿದರೆ ಅದರಲ್ಲಿ ಈ ಪಟ್ಟಿಯ ಪಾಲು ಒಂದು ರೂಪಾಯಿ, ಮೇಲೆ ಒಂದಷ್ಟು ಪೈಸೆ. ನಮ್ಮ ರಾಜ್ಯದ ಗೃಹಲಕ್ಷ್ಮಿ ಯೋಜನೆಯೊಂದಕ್ಕೇ ಆ ವರ್ಷ 28 ಸಾವಿರ ಕೋಟಿಗಿಂತ ಹೆಚ್ಚು ಇಟ್ಟಿದ್ದರು. ಅಂದರೆ ಇಡೀ ದೇಶ ಹೊರಗಿನವರಿಗೆ ಕೊಡುವುದು ಒಂದು ರಾಜ್ಯದ ಒಂದು ಯೋಜನೆಯ ಐದನೇ ಒಂದು ಭಾಗದಷ್ಟು. ತಲೆಗೆ ಹಂಚಿದರೆ ವರ್ಷಕ್ಕೆ ನಲವತ್ತು ರೂಪಾಯಿಯೂ ಬೀಳುವುದಿಲ್ಲ. ಎಕ್ಸಿಮ್ ಬ್ಯಾಂಕಿನ ಮೂಲಕ ಕೊಡುವ ಸಾಲ ಇದರಲ್ಲಿ ಸೇರಿಲ್ಲ, ನಿಜ. ಆದರೆ ಅದು ಬಡ್ಡಿಯೊಡನೆ ಹಿಂತಿರುಗಬೇಕಾದ ಸಾಲ.

ಈ ಲೆಕ್ಕ ಜನರಿಗೆ ತಿಳಿಯದಿರುವುದು ನಮ್ಮಲ್ಲಿ ಮಾತ್ರ ಅಲ್ಲ. 2010ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಅಲ್ಲಿಯ ಜನರನ್ನು ಕೇಳಿದರು: ನಿಮ್ಮ ಸರ್ಕಾರದ ಬಜೆಟ್‌ನಲ್ಲಿ ಶೇಕಡಾ ಎಷ್ಟು ವಿದೇಶಿ ನೆರವಿಗೆ ಹೋಗುತ್ತದೆ? ಜನ ಅಂದಾಜು ಮಾಡಿದ್ದು ಶೇಕಡಾ 25. ಸರಿ, ಎಷ್ಟು ಹೋದರೆ ನ್ಯಾಯ? ಶೇಕಡಾ 10 ಸಾಕು ಎಂದರು. ನಿಜವಾಗಿ ಹೋಗುತ್ತಿದ್ದದ್ದು ಶೇಕಡಾ ಒಂದರ ಆಸುಪಾಸು! ಕಡಿಮೆ ಮಾಡಿ ಎಂದು ಕೂಗಿದವರು ತಮಗೇ ಗೊತ್ತಿಲ್ಲದೆ ಹತ್ತುಪಟ್ಟು ಹೆಚ್ಚಿಸಲು ಹೇಳಿದ್ದರು.

ಹೋಟೆಲಿನ ಹಿರಿಯರಿಗೆ ಈ ಲೆಕ್ಕವನ್ನು ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಒಂದು ರೂಪಾಯಿ ಆದ್ರೂ ನಮ್ದೇ ಅಲ್ವ?" ಎಂದರು. ಸರಿಯಾದ ಮಾತು. ಲೆಕ್ಕ ಹೇಳಿ ಬಾಯಿ ಮುಚ್ಚಿಸಿಬಿಡಬಹುದು ಎಂದುಕೊಳ್ಳುವ ನನ್ನಂಥವರಿಗೆ ಅದು ತಕ್ಕ ಉತ್ತರ.

ಹಾಗಾದರೆ ಇನ್ನೊಂದು ಕಡೆಯಿಂದ ನೋಡೋಣ. ಇದೇ ಮಾತನ್ನು ಒಂದು ಕಾಲಕ್ಕೆ ನಮ್ಮನ್ನು ಕುರಿತೂ ಆಡುತ್ತಿದ್ದರು. ಬಹಳ ಹಿಂದಿನ ಕತೆಯೇನಲ್ಲ. 2012ರವರೆಗೂ ಬ್ರಿಟನ್ನಿನ ಪತ್ರಿಕೆಗಳಲ್ಲಿ ಪದೇ ಪದೇ ಒಂದು ಪ್ರಶ್ನೆ ಬರುತ್ತಿತ್ತು: ಚಂದ್ರನಿಗೆ ನೌಕೆ ಕಳಿಸುವ ಭಾರತಕ್ಕೆ ನಮ್ಮ ತೆರಿಗೆ ಹಣದಿಂದ ನೆರವೇಕೆ? ನಮ್ಮಲ್ಲೇ ಪಿಂಚಣಿ ಸಾಲದ ಮುದುಕರಿಲ್ಲವೆ? ಆ ಮುದುಕರೂ ನಮ್ಮ ಹೋಟೆಲಿನ ಹಿರಿಯರಂಥವರೇ. ಕೊನೆಗೆ 2012ರ ನವೆಂಬರಿನಲ್ಲಿ ಬ್ರಿಟನ್ನಿನ ಸಚಿವೆ ಜಸ್ಟಿನ್ ಗ್ರೀನಿಂಗ್, ಭಾರತಕ್ಕೆ ಕೊಡುವ ಹಣಕಾಸಿನ ಅನುದಾನ 2015ಕ್ಕೆ ನಿಲ್ಲುತ್ತದೆ ಎಂದು ಘೋಷಿಸಿದರು. ಅದಕ್ಕೂ ಮೊದಲೇ ನಮ್ಮ ಹಣಕಾಸು ಸಚಿವರಾಗಿದ್ದ ಪ್ರಣಬ್ ಮುಖರ್ಜಿ, ಅದು ನಮ್ಮ ಖರ್ಚಿನ ಮುಂದೆ ಕಡಲೆಕಾಯಿಯಷ್ಟು, ನಮಗದು ಬೇಡ ಎಂಬರ್ಥದ ಮಾತನ್ನು ಸಂಸತ್ತಿನಲ್ಲೇ ಆಡಿದ್ದರು.

ಅದಕ್ಕೂ ಹಿಂದಕ್ಕೆ ಹೋದರೆ ನನ್ನ ವಯಸ್ಸಿನವರಿಗೆಲ್ಲ ನಾಲಿಗೆಯ ಮೇಲೇ ಒಂದು ನೆನಪಿದೆ. ಕೇರ್ ಎಂಬ ನೆರವು ಸಂಸ್ಥೆ ಕೊಡುತ್ತಿದ್ದ ಕೇರ್ ಉಪ್ಪಿಟ್ಟು. ಎಪ್ಪತ್ತರ ದಶಕದ ಪ್ರಾಥಮಿಕ ಶಾಲೆ, ಮಧ್ಯಾಹ್ನದ ಗಂಟೆ, ಹಿಂದಿನ ಜಗಲಿಯಲ್ಲಿ ಮೂರು ಕಲ್ಲಿನ ಒಲೆ. ಒಲೆಯ ಮೇಲಿನ ಹಂಡೆಯಲ್ಲಿ ಹಳದಿ ಬಣ್ಣದ ಉಪ್ಪಿಟ್ಟು ಕೊತಕೊತ ಕುದಿಯುತ್ತಿತ್ತು. ಮೆಕ್ಕೆಜೋಳದ ಹಿಟ್ಟಿನದೋ ಗೋಧಿ ನುಚ್ಚಿನದೋ, ಆ ವಾರ ಯಾವ ಚೀಲ ಬಿಚ್ಚಿದ್ದರೋ ಅದರ ಮೇಲೆ ಹೋಗುತ್ತಿತ್ತು. ನಮ್ಮೂರ ಉಪ್ಪಿಟ್ಟಿನ ರುಚಿ ಅದಕ್ಕಿರಲಿಲ್ಲ, ಏನೋ ಬೇರೆಯದೇ ವಾಸನೆ. ಆದರೂ ಮುತ್ತುಗದ ಎಲೆ ಹಿಡಿದು ಸಾಲಿನಲ್ಲಿ ನೂಕಾಡುತ್ತಿದ್ದೆವು. ಹಾಲಿನ ಪುಡಿಯನ್ನು ನೀರಿಗೆ ಕಲಸುವ ತನಕ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಮೇಷ್ಟ್ರ ಕಣ್ಣು ತಪ್ಪಿಸಿ ಹಿಡಿಯಷ್ಟು ಬಾಯಿಗೆ ಹಾಕಿಕೊಂಡರೆ ಅಂಗುಳಿಗೆ ಅಂಟಿಕೊಂಡು, ಪ್ರಶ್ನೆ ಕೇಳಿದಾಗ ಉತ್ತರವೇ ಹೊರಡುತ್ತಿರಲಿಲ್ಲ.

ಆ ಚೀಲಗಳ ಮೇಲೆ, ಎಣ್ಣೆಯ ಡಬ್ಬಗಳ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ: ಇದು ಅಮೆರಿಕದ ಜನರ ಕೊಡುಗೆ, ಮಾರಾಟಕ್ಕಲ್ಲ. ಖಾಲಿಯಾದ ಆ ಡಬ್ಬಗಳು ಊರಿನ ಅರ್ಧ ಬಚ್ಚಲುಮನೆಗಳಲ್ಲಿ ನೀರು ಹೊರುತ್ತಿದ್ದವು. ಅಮೆರಿಕದ ಜನ ಅಂದರೆ ಯಾರು, ಅವರೇಕೆ ನಮಗೆ ಎಣ್ಣೆ ಕಳಿಸುತ್ತಾರೆ ಎಂದು ನಾವು ಕೇಳಲಿಲ್ಲ. ಅಲ್ಲಿಯೂ ಯಾರೋ ಒಬ್ಬರು ಹೋಟೆಲಿನಲ್ಲಿ ಕೂತು, "ನಮ್ಮೂರ ಶಾಲೆ ಸೋರುತ್ತಿದೆ, ಇವರು ಇಂಡಿಯಾಕ್ಕೆ ಗೋಧಿ ಕಳಿಸುತ್ತಿದ್ದಾರೆ" ಎಂದು ಗೊಣಗುತ್ತಿದ್ದಿರಬಹುದು.

ಹಾಗೆಂದು ಆ ಗೋಧಿ ಪೂರ್ತಿ ಧರ್ಮಕ್ಕೆ ಬಂದದ್ದೂ ಅಲ್ಲ. 1954ರಲ್ಲಿ ಅಮೆರಿಕ ಮಾಡಿದ ಪಿ.ಎಲ್. 480 ಎಂಬ ಕಾನೂನಿನ ಮೊದಲ ಉದ್ದೇಶವೇ ತನ್ನ ರೈತರು ಬೆಳೆದ ಹೆಚ್ಚುವರಿ ಧಾನ್ಯಕ್ಕೆ ದಾರಿ ಮಾಡುವುದಾಗಿತ್ತು. ಉಗ್ರಾಣದಲ್ಲಿ ಗೋಧಿ ರಾಶಿ ಬಿದ್ದರೆ ಬೆಲೆ ಕುಸಿಯುತ್ತದೆ. ಕ್ಯಾನ್ಸಾಸಿನ ರೈತನನ್ನು ಉಳಿಸಬೇಕಾದರೆ ಯಾರಾದರೂ ಅದನ್ನು ತಿನ್ನಬೇಕು. ನಾವು ತಿಂದೆವು. ಅಂದರೆ ಅಲ್ಲಿ ಮನೆಯವರಿಗೆ ಮಾಡಿದ ಸಹಾಯವೇ ಹಡಗು ಹತ್ತಿ ಹೊರಗಿನವರಿಗೆ ಸಹಾಯವಾಯಿತು. (ನಮ್ಮ ಹೊಲದ ಬದುಗಳನ್ನೆಲ್ಲ ಆಕ್ರಮಿಸಿಕೊಂಡ ಕಾಂಗ್ರೆಸ್ ಗಿಡವೂ ಅದೇ ಗೋಧಿಯ ಜೊತೆ ಬಂತು ಎಂದು ಹೇಳುತ್ತಾರೆ. ಅದರ ಮೇಲೆ ಮಾತ್ರ ಯಾರ ಕೊಡುಗೆ ಎಂದು ಬರೆದಿರಲಿಲ್ಲ.)

ನಾವು ಭೂತಾನಕ್ಕೆ ಕೊಡುವುದೂ ಹೀಗೆಯೇ. ಪಟ್ಟಿಯಲ್ಲಿ ಅದರದೇ ದೊಡ್ಡ ಪಾಲು ಏಕೆಂದು ಹಿರಿಯರು ಕೇಳಿದ್ದರು. 1974ರಲ್ಲಿ ಚುಖಾ ಜಲವಿದ್ಯುತ್ ಯೋಜನೆಗೆ ಒಪ್ಪಂದವಾಯಿತು. 336 ಮೆಗಾವಾಟ್. ಖರ್ಚಿನಲ್ಲಿ ಶೇಕಡಾ 60 ಭಾರತದ ಅನುದಾನ, ಶೇಕಡಾ 40 ಸಾಲ. ಅಣೆಕಟ್ಟು ಅವರದು, ನದಿ ಅವರದು. ಅವರು ಬಳಸಿ ಮಿಕ್ಕ ಕರೆಂಟು ಬರುವುದು ನಮ್ಮ ಕಡೆಗೆ. ಆಮೇಲೆ 1,020 ಮೆಗಾವಾಟಿನ ತಾಲಾ ಬಂತು, 720 ಮೆಗಾವಾಟಿನ ಮಾಂಗ್‌ದೇಛು ಬಂತು. ತಾಲಾಕ್ಕೂ ಚುಖಾದ ಪ್ರಮಾಣವೇ; ಮಾಂಗ್‌ದೇಛುವಿನ ಹೊತ್ತಿಗೆ ಅನುದಾನದ ಭಾಗ ಕಡಿಮೆಯಾಗಿ ಸಾಲದ ಭಾಗ ಹೆಚ್ಚಿತು. ಮೇಲಾಗಿ, ಆಚೆ ಕಡೆ ಚೀನಾ ಇದೆ. ಇದನ್ನು ದಾನ ಎನ್ನುವುದಕ್ಕಿಂತ ಬೇಲಿಯ ಖರ್ಚು ಎಂದರೆ ಸತ್ಯಕ್ಕೆ ಹತ್ತಿರ.

ಆದರೆ ಕೊಟ್ಟವರು ಅದನ್ನು ದಾನವೆಂದೇ ನೆನಪಿಟ್ಟುಕೊಳ್ಳುತ್ತಾರೆ. ಅಲ್ಲಿಂದ ಉಪಕಾರಸ್ಮರಣೆಯ ಜಗಳ ಶುರು. 2023ರ ಫೆಬ್ರವರಿಯಲ್ಲಿ ತುರ್ಕಿಯಲ್ಲಿ ಭೂಕಂಪವಾದಾಗ ನಮ್ಮ ಎನ್‌ಡಿಆರ್‌ಎಫ್ ತಂಡಗಳು, ಸೇನೆಯ ಆಸ್ಪತ್ರೆ ಅಲ್ಲಿಗೆ ಹೋದವು. ಕಾರ್ಯಾಚರಣೆಗೆ ದೋಸ್ತ್ ಎಂದೇ ಹೆಸರು. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದಲ್ಲಿ ಅದೇ ತುರ್ಕಿ ಪಾಕಿಸ್ತಾನದ ಪರ ನಿಂತಾಗ ನಮ್ಮ ಜನ ಕೆರಳಿದರು. ಹಾವಿಗೆ ಹಾಲೆರೆದ ಹಾಗಾಯಿತು ಎಂದರು. ವ್ಯಾಪಾರಿಗಳು ತುರ್ಕಿಯ ಸೇಬು ಬೇಡ ಎಂದರು. ಆ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ 1966ರಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ನಮ್ಮ ಬಗ್ಗೆ ಪಟ್ಟ ಸಿಟ್ಟೂ ಇದೇ ಜಾತಿಯದು. ಆ ವರ್ಷ ಬರಗಾಲ. ಒಂದು ಕೋಟಿ ಟನ್ನಿನಷ್ಟು ಧಾನ್ಯ ಹೊರಗಿನಿಂದ ಬಂತು, ಬಹುಪಾಲು ಅಮೆರಿಕದ್ದೇ. ಅದನ್ನು ಉಣ್ಣುತ್ತಲೇ ನಾವು ವಿಯೆಟ್ನಾಂ ಮೇಲೆ ಬಾಂಬು ಹಾಕುವುದನ್ನು ನಿಲ್ಲಿಸಿ ಎಂದು ಅಮೆರಿಕಕ್ಕೆ ಬುದ್ಧಿ ಹೇಳಿದೆವು. ಜಾನ್ಸನ್ ಗೋಧಿಯ ಹಡಗುಗಳನ್ನು ತಿಂಗಳಿಂದ ತಿಂಗಳಿಗೆ ಅಳೆದು ಅಳೆದು ಬಿಟ್ಟರು. ಆ ಅವಮಾನದ ಬಿಸಿಯೂ ಸೇರಿಕೊಂಡೇ ನಮ್ಮಲ್ಲಿ ಕೃಷಿ ಸಚಿವ ಸಿ. ಸುಬ್ರಮಣ್ಯಂ ಅವರ ಕಾಲದಲ್ಲಿ ಹಸಿರು ಕ್ರಾಂತಿಗೆ ವೇಗ ಬಂದದ್ದು. ವಿಯೆಟ್ನಾಂ ಬಗ್ಗೆ ನಾವು ಆಡಿದ್ದು ಸರಿಯಾದ ಮಾತೇ ಎಂದು ನಾನು ಈಗಲೂ ನಂಬುತ್ತೇನೆ. ಅನ್ನ ಕೊಟ್ಟವರಿಗೆ ನಾಲಿಗೆಯನ್ನೂ ಒತ್ತೆಯಿಡಬೇಕು ಎಂದಾದರೆ ಅದು ನೆರವಲ್ಲ, ಖರೀದಿ. ನಮಗೆ ಅನ್ವಯಿಸಿಕೊಂಡ ಈ ನ್ಯಾಯವನ್ನು ಮಾಲ್ಡೀವ್ಸ್‌ಗೂ ನೇಪಾಳಕ್ಕೂ ಕೊಡುವುದು ಮಾತ್ರ ನಮಗೆ ಕಷ್ಟ.

ಇಷ್ಟು ಹೊತ್ತು ಹಣದ ಮಾತಾಯಿತು. ಹಣಕ್ಕೆ ಸಾವಿರ ದಾರಿ. ಆದರೆ ಮನೆಯೋ ಹೊರಗೋ ಎಂಬ ಪ್ರಶ್ನೆ ನಿಜಕ್ಕೂ ಸಾವು ಬದುಕಿನ ಪ್ರಶ್ನೆಯಾಗಿ ನಿಂತ ಕಾಲವೊಂದನ್ನು ನಾವೇ ಕಂಡಿದ್ದೇವೆ. ಅದನ್ನು ಹಾರಿಸಿ ಮುಂದೆ ಹೋದರೆ ಅಪ್ರಾಮಾಣಿಕತೆ.

2021ರ ಜನವರಿ 16ಕ್ಕೆ ನಮ್ಮಲ್ಲಿ ಕೋವಿಡ್ ಲಸಿಕೆ ಹಾಕುವುದು ಆರಂಭವಾಯಿತು. ನಾಲ್ಕೇ ದಿನಕ್ಕೆ, 20ನೇ ತಾರೀಕು, ಭೂತಾನಕ್ಕೂ ಮಾಲ್ಡೀವ್ಸ್‌ಗೂ ಲಸಿಕೆಯ ಪೆಟ್ಟಿಗೆಗಳು ವಿಮಾನ ಹತ್ತಿದವು. ಆ ಯೋಜನೆಯ ಹೆಸರು ವ್ಯಾಕ್ಸಿನ್ ಮೈತ್ರಿ. ಏಪ್ರಿಲ್ ಮುಗಿಯುವ ಹೊತ್ತಿಗೆ ತೊಂಬತ್ತಕ್ಕೂ ಹೆಚ್ಚು ದೇಶಗಳಿಗೆ ಆರೂವರೆ ಕೋಟಿಯಷ್ಟು ಡೋಸ್ ಹೋಗಿತ್ತು. ಅಷ್ಟರಲ್ಲಿ ಎರಡನೇ ಅಲೆ ನಮ್ಮ ಮೇಲೆ ಬಿದ್ದಿತ್ತು. ಮೇ ಮೊದಲ ವಾರ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನ 24 ಜನ ತೀರಿಕೊಂಡ ಸುದ್ದಿ ಬಂತು. ಮೇ 14ರಿಂದ ನಮ್ಮ ರಾಜ್ಯ 18ರಿಂದ 44 ವರ್ಷದವರಿಗೆ ಸರ್ಕಾರಿ ಕೇಂದ್ರಗಳಲ್ಲಿ ಲಸಿಕೆ ಹಾಕುವುದನ್ನೇ ನಿಲ್ಲಿಸಬೇಕಾಯಿತು, ಎರಡನೇ ಡೋಸಿಗೆ ಕಾದಿರುವ ಹಿರಿಯರಿಗೇ ಸಾಲದು ಎಂದು. ಬೆಳಗಿನ ಜಾವ ಎದ್ದು ಆರೋಗ್ಯ ಕೇಂದ್ರದ ಮುಂದೆ ನಿಂತು, ಲಸಿಕೆ ಇಲ್ಲ ಎಂಬ ಬೋರ್ಡು ನೋಡಿ ಮನೆಗೆ ಬಂದವರು ಈ ಭಾಷಣ ಕೇಳುತ್ತಿರುವವರಲ್ಲೇ ಎಷ್ಟೋ ಜನ ಇದ್ದೀರಿ. ನಮ್ಮ ಮಕ್ಕಳ ಲಸಿಕೆಯನ್ನು ಹೊರದೇಶಕ್ಕೆ ಏಕೆ ಕಳಿಸಿದಿರಿ ಎಂದು ದೆಹಲಿಯ ಗೋಡೆಗಳ ಮೇಲೆ ಪೋಸ್ಟರ್ ಅಂಟಿಸಿದವರನ್ನು ಪೊಲೀಸರು ಹಿಡಿದರು. ಪ್ರಶ್ನೆ ಕೇಳಿದ್ದಕ್ಕೆ ಬಂಧಿಸುವುದು ನನಗೆ ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಪ್ರಶ್ನೆ ನ್ಯಾಯವಾದದ್ದು. ಉತ್ತರ ಮಾತ್ರ ಪೋಸ್ಟರಿನಲ್ಲಿ ಹಿಡಿಸುವಂಥದಲ್ಲ. ಹೊರಗೆ ಹೋದ ಆರೂವರೆ ಕೋಟಿಯಲ್ಲಿ ಉಚಿತ ಕೊಡುಗೆ ಸುಮಾರು ಒಂದು ಕೋಟಿ ಮಾತ್ರ. ಅರ್ಧಕ್ಕಿಂತ ಹೆಚ್ಚು ಲಸಿಕೆ ಕಂಪನಿ ಮಾರಿದ್ದು, ಉಳಿದದ್ದು ಕೋವ್ಯಾಕ್ಸ್ ಎಂಬ ಜಾಗತಿಕ ಒಪ್ಪಂದದ ಪಾಲು. ಆ ಒಪ್ಪಂದದ ಹಣ ಮುಂಗಡವಾಗಿ ಬಂದದ್ದರಿಂದಲೇ ಪುಣೆಯ ಕಾರ್ಖಾನೆ ಅಷ್ಟು ದೊಡ್ಡ ಪ್ರಮಾಣದಲ್ಲಿ ತಯಾರಿಗೆ ಇಳಿಯಲು ಅನುಕೂಲವಾದದ್ದು. ಇನ್ನು ನಮ್ಮ ಸರ್ಕಾರ ಅಲ್ಲಿಯ ಕೋವಿಶೀಲ್ಡ್ ಲಸಿಕೆಗೆ ಮೊದಲ ಆರ್ಡರ್ ಕೊಟ್ಟದ್ದು ಜನವರಿ 11ಕ್ಕೆ, ಒಂದು ಕೋಟಿ ಹತ್ತು ಲಕ್ಷ ಡೋಸಿಗೆ. ನೂರನಲವತ್ತು ಕೋಟಿ ಜನರ ದೇಶ! ನನ್ನ ಮಟ್ಟಿಗೆ, ಆ ಬೋರ್ಡಿನ ಮುಂದೆ ನಿಂತವರು ಸಿಟ್ಟಾಗಬೇಕಿದ್ದು ಭೂತಾನದ ಮೇಲಲ್ಲ, ಈ ಚಿಕ್ಕ ಆರ್ಡರಿನ ಮೇಲೆ.

ಚಾಮರಾಜನಗರದ ಸುದ್ದಿ ಬಂದ ಅದೇ ವಾರದ ಇನ್ನೊಂದು ಚಿತ್ರ. ಮೇ 5ರಂದು ನೌಕಾಪಡೆಯ ತಲ್ವಾರ್ ಹಡಗು ನವಮಂಗಳೂರು ಬಂದರಿಗೆ ಬಂತು. ಡೆಕ್ಕಿನ ಮೇಲೆ ದ್ರವ ಆಮ್ಲಜನಕ ತುಂಬಿದ ಎರಡು ಟ್ಯಾಂಕುಗಳು, ಬಹರೈನಿನಿಂದ. ಬಹರೈನ್ ಎಂದರೆ ನಮ್ಮ ಕರಾವಳಿಯವರಿಗೆ ಹೊಸ ಹೆಸರೇನಲ್ಲ; ಮನೆಗೊಬ್ಬರಂತೆ ಅಲ್ಲಿ ದುಡಿದವರಿದ್ದಾರೆ. ಆದರೂ ಅದು ಪುಟ್ಟ ದೇಶ, ಅಲ್ಲಿಯೂ ಕೋವಿಡ್ ಇತ್ತು. ಅಲ್ಲಿ ಯಾರಾದರೂ, ಮೊದಲು ನಮ್ಮ ಆಸ್ಪತ್ರೆ ನೋಡಿ ಎಂದು ಹೇಳಿದ್ದರೆ ತಪ್ಪೆನ್ನಲಾಗುತ್ತಿತ್ತೆ? ಇತ್ತ ನಾವು ರಫ್ತು ನಿಲ್ಲಿಸಿದ್ದರಿಂದ ನೇಪಾಳದಲ್ಲಿ ಮೊದಲ ಡೋಸ್ ಹಾಕಿಸಿಕೊಂಡಿದ್ದ ಅರವತ್ತೈದು ದಾಟಿದ ಮುದುಕರು ಎರಡನೆಯದಕ್ಕೆ ತಿಂಗಳುಗಟ್ಟಲೆ ಕಾದರು. ಆ ಸಾಲೂ ಸಾಲೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹೊರಗಿನವರಿಗೆ ಕೊಡುವುದನ್ನು ನಿಲ್ಲಿಸಿದರೆ ಆ ಹಣ ಮನೆಯವರಿಗೆ ಸಿಗುತ್ತದೆ ಎಂಬುದೇ ಈ ಸಿಟ್ಟಿನ ಹಿಂದಿರುವ ನಂಬಿಕೆ. ನಿಲ್ಲಿಸಿದವರ ಮನೆಯಲ್ಲಿ ಏನಾಯಿತು ಎಂದು ಯಾರೂ ಹಿಂತಿರುಗಿ ನೋಡುವುದಿಲ್ಲ.

ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದ ಶೇಕಡಾ 0.7ನ್ನು ನೆರವಿಗೆ ಕೊಡಬೇಕೆಂದು 2015ರಲ್ಲಿ ಕಾನೂನನ್ನೇ ಮಾಡಿತ್ತು. 2020ರ ಕೊನೆಗೆ ಅದನ್ನು 0.5ಕ್ಕೆ ಇಳಿಸುತ್ತೇವೆ ಎಂದಾಗ ಯೂಗವ್ ಸಮೀಕ್ಷೆಯಲ್ಲಿ ಮೂವರಲ್ಲಿ ಇಬ್ಬರು ಸರಿ ಎಂದರು. 2025ರ ಫೆಬ್ರವರಿಯಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್, 2027ರ ಹೊತ್ತಿಗೆ ಅದು 0.3 ಆಗುತ್ತದೆ ಎಂದರು. ಉಳಿದ ಹಣ ಎಲ್ಲಿಗೆ? ಆಸ್ಪತ್ರೆಗಲ್ಲ, ಪಿಂಚಣಿಗಲ್ಲ, ರಕ್ಷಣಾ ವೆಚ್ಚಕ್ಕೆ. ಅದು ಬೇಕೋ ಬೇಡವೋ ಬೇರೆ ಚರ್ಚೆ. ಮನೆಯ ಬಡವನ ಕೈಗಂತೂ ಬರಲಿಲ್ಲ. ಇನ್ನೂ ಒಂದು ವಿಚಿತ್ರ ಕೇಳಿ. 2023ರಲ್ಲಿ ಬ್ರಿಟನ್ನಿನ ವಿದೇಶಿ ನೆರವೆಂದು ಲೆಕ್ಕ ಬರೆದ ಹಣದಲ್ಲಿ ಕಾಲುಭಾಗಕ್ಕಿಂತ ಹೆಚ್ಚು, 430 ಕೋಟಿ ಪೌಂಡಿನಷ್ಟು, ಖರ್ಚಾದದ್ದು ಬ್ರಿಟನ್ನಿನ ಒಳಗೇ. ಆಶ್ರಯ ಕೇಳಿ ಬಂದವರನ್ನು ಇಳಿಸಿಕೊಂಡ ಹೋಟೆಲುಗಳ ಬಾಡಿಗೆಯೂ ಅದರಲ್ಲೇ. ನಿಯಮದ ಪ್ರಕಾರ ಅದಕ್ಕೆ ಅವಕಾಶವಿದೆ. ವಿದೇಶಿ ನೆರವು ಸ್ವದೇಶದ ಹೋಟೆಲ್ ಮಾಲೀಕರ ಗಲ್ಲಾಪೆಟ್ಟಿಗೆಗೆ ಬಿದ್ದದ್ದು ಹೀಗೆ.

ಅಮೆರಿಕದ ಕತೆ ಇನ್ನೂ ನೇರ. ನಮ್ಮ ಎಣ್ಣೆ ಡಬ್ಬದ ಮೇಲಿದ್ದ ಆ ಕೈಗಳ ಗುರುತು ಯುಎಸ್ಏಡ್ ಸಂಸ್ಥೆಯದಾಗಿತ್ತು. ಕೆನೆಡಿ ಕಾಲದಲ್ಲಿ, 1961ರಲ್ಲಿ ಹುಟ್ಟಿದ ಸಂಸ್ಥೆ. ನಮ್ಮ ಜನರ ಹಣ ನಮ್ಮ ಜನರಿಗೇ ಎಂಬ ಕೂಗಿನ ನಡುವೆ 2025ರ ಜುಲೈ 1ರಂದು ಅದು ಬಾಗಿಲು ಮುಚ್ಚಿತು. ಮೂರು ದಿನ ಕಳೆದು, ಜುಲೈ 4ರಂದು, ಅಧ್ಯಕ್ಷರು ಸಹಿ ಹಾಕಿದ ತೆರಿಗೆ ಕಾನೂನು ಅದೇ ದೇಶದ ಬಡವರ ವೈದ್ಯಕೀಯ ನೆರವಿಗೂ ಆಹಾರ ನೆರವಿಗೂ ಕತ್ತರಿ ಹಾಕಿತು. ಹೊರಗಿನವನ ತಟ್ಟೆ ಎತ್ತಿದ ಕೈ ಅದೇ ವಾರ ಮನೆಯವನ ತಟ್ಟೆಗೂ ಬಂತು. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಎರಡೂ ತಟ್ಟೆಗಳನ್ನು ದಂಡ ಎಂದು ನೋಡುವ ಕಣ್ಣು ಒಂದೇ.

ಹಾಗಾಗಿ ಹೋಟೆಲಿನ ಹಿರಿಯರಿಗೆ ನಾನು ಹೇಳಿದ್ದು ಇಷ್ಟು: ಯಜಮಾನರೆ, ಭೂತಾನದ ಅನುದಾನ ನಾಳೆಯೇ ನಿಂತುಹೋದರೂ ನಿಮ್ಮ ಶಾಲೆಯ ಹೆಂಚು ಬದಲಾಗುವುದಿಲ್ಲ. ಅದರ ಕಡತ ಇರುವುದು ತಿಂಪುವಿನಲ್ಲಲ್ಲ, ನಿಮ್ಮ ತಾಲ್ಲೂಕು ಕಚೇರಿಗಳ ಸಾಲಿನಲ್ಲಿ. ಅವರು ಒಪ್ಪಿದರು ಎಂದೇನಲ್ಲ. "ಹಾಗಾದ್ರೆ ನಮ್ಮನ್ನ ಒಂದು ಮಾತು ಕೇಳಿ ಕೊಡಬಹುದಲ್ಲ? ಮೂಲೇಲಿ ಯಾಕೆ ಹಾಕ್ತಾರೆ?" ಎಂದರು.

ಆ ಮಾತು ನನಗೆ ಹಿಡಿಸಿತು. ಏಕೆಂದರೆ ಹೇಳಿ ಕೇಳಿ ಕೊಟ್ಟ ಉದಾಹರಣೆಯೂ ನಮ್ಮಲ್ಲೇ ಇದೆ. 1971ರಲ್ಲಿ ಪೂರ್ವ ಬಂಗಾಳದಿಂದ ಒಂದು ಕೋಟಿಯಷ್ಟು ಜನ ಗಡಿ ದಾಟಿ ಬಂದರು. ಆಗ ನಮ್ಮದು ಈಗಿನ ಭಾರತವಲ್ಲ. ರೇಷನ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದ ಭಾರತ. ಆ ವರ್ಷದ ನವೆಂಬರ್ 15ರಿಂದ ಅಂಚೆ ಇಲಾಖೆ ಲಕೋಟೆಗಳ ಮೇಲೆ ಐದು ಪೈಸೆಯ ಹೆಚ್ಚುವರಿ ಚೀಟಿ ಅಂಟಿಸಬೇಕೆಂದು ನಿಯಮ ಮಾಡಿತು. ಹೊಸ ಅಂಚೆಚೀಟಿ ಅಚ್ಚಾಗುವ ತನಕ ಕಾಯಲೂ ಪುರುಸೊತ್ತಿರಲಿಲ್ಲ. ಗಂಡ, ಹೆಂಡತಿ, ಎರಡು ಮಕ್ಕಳ ಚಿತ್ರವಿದ್ದ ಕುಟುಂಬ ಯೋಜನೆಯ ಐದು ಪೈಸೆಯ ಕೆಂಪು ಚೀಟಿಯ ಮೇಲೇ ನಿರಾಶ್ರಿತರ ಪರಿಹಾರ ಎಂದು ಮುದ್ರೆ ಒತ್ತಿ ಮಾರಿದರು. ಒಬ್ಬೊಬ್ಬ ಅಂಚೆ ಮಾಸ್ತರರು ಅಷ್ಟೂ ಸಿಗದೆ ರಬ್ಬರ್ ಸ್ಟ್ಯಾಂಪು ಮಾಡಿಸಿಕೊಂಡರು. ಬಂಗಾಳವನ್ನು ಕನಸಿನಲ್ಲೂ ಕಾಣದ ನಮ್ಮ ಹಳ್ಳಿಯವರು ಮಗಳಿಗೆ ಕಾಗದ ಬರೆದಾಗೆಲ್ಲ ಆ ಐದು ಪೈಸೆ ಕೊಟ್ಟರು. ಗೊಣಗಲಿಲ್ಲ ಎಂದಲ್ಲ. ಆದರೆ ಯಾರಿಗೆ, ಯಾತಕ್ಕೆ, ಎಷ್ಟು ಎಂಬುದು ಲಕೋಟೆಯ ಮೇಲೇ ಇತ್ತು.

ನಿರಾಶ್ರಿತರಲ್ಲಿ ಬಹುಪಾಲು ಜನ 1972ರ ಬೇಸಿಗೆಯ ಹೊತ್ತಿಗೆ ತಮ್ಮ ಊರುಗಳಿಗೆ ಹಿಂತಿರುಗಿದರು. ಆ ಐದು ಪೈಸೆಯನ್ನು ಸರ್ಕಾರ ಕೈಬಿಟ್ಟದ್ದು ಮಾತ್ರ 1973ರ ಮಾರ್ಚ್ 31ಕ್ಕೆ. ನಡುವಿನ ಆ ಒಂದು ವರ್ಷದ ಪೈಸೆಗಳ ಲೆಕ್ಕವನ್ನು ನಮ್ಮ ಹೋಟೆಲಿನ ಹಿರಿಯರು ಕೇಳಿದರೆ, ನಾನು ಅವರ ಪಕ್ಷ.